ಸೂಜಿಯ ಹಾಜರಿ

ಜನವರಿ 12, ಭಾನುವಾರ

ಬಸ್ ನಿಲ್ದಾಣದಲ್ಲಿ ಬೆಳಗಿನ ಶಿಫ್ಟ್. ಏಳೂವರೆಯ ಬಸ್ಸು ಮತ್ತೆ ತಡ. ಮೈಕ್ ಹಿಡಿದು ಕ್ಷಮೆ ಕೇಳಿದೆ. ಯಾರದೋ ತಪ್ಪಿಗೆ ನಾನು ಕ್ಷಮೆ ಕೇಳುವುದು — ಇದೇ ನನ್ನ ಉದ್ಯೋಗ. ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ ನಾನು ಬೇಕಾಗಿಯೇ ಇಲ್ಲ, ಯಂತ್ರ ಹೇಳುತ್ತದೆ. ಅದೂ ನನ್ನದೇ ಧ್ವನಿ. ಎಷ್ಟೋ ವರ್ಷದ ಹಿಂದೆ ತುಂಡುತುಂಡಾಗಿ ರೆಕಾರ್ಡ್ ಮಾಡಿಕೊಂಡದ್ದು: ಅಂಕಿಗಳು ಬೇರೆ, ಊರುಗಳು ಬೇರೆ, 'ಹೊರಡಲಿದೆ' ಬೇರೆ. ಆ ಯಂತ್ರದವಳಿಗೆ ಇನ್ನೂ ಮೂವತ್ತರ ಪ್ರಾಯ, ಅವಳಿಗೆ ನೆಗಡಿಯೂ ಆಗುವುದಿಲ್ಲ.

ಎಂಟಕ್ಕೆ ಗ್ರೂಪ್‌ನಲ್ಲಿ ಹಾಜರಿ. ಇದು ಮಾನಿಟರ್‌ನ ಹೊಸ ಹುಚ್ಚು. ಶಾಲೆಯಲ್ಲಿ ಮಾನಿಟರ್ ಆಗಿದ್ದವನು, ಈಗ ಬ್ಯಾಂಕ್ ಮ್ಯಾನೇಜರ್. ತಲೆಗೂದಲು ಹೋಗಿದೆ, ಜಂಭ ಹಾಗೇ ಇದೆ. ನಮ್ಮ ಹತ್ತನೇ ಕ್ಲಾಸಿನವರನ್ನೆಲ್ಲ ಎಲ್ಲೆಲ್ಲಿಂದಲೋ ಹುಡುಕಿ ತಂದು ಒಂದೇ ಗ್ರೂಪ್‌ನಲ್ಲಿ ಗುಡ್ಡೆ ಹಾಕಿದ್ದಾನೆ. ಭಾನುವಾರ ಬೆಳಿಗ್ಗೆ ರೋಲ್ ನಂಬರ್ ಕೂಗುತ್ತಾನೆ. ಟೈಪ್ ಮಾಡಿದರೆ ನಡೆಯದು, ವಾಯ್ಸ್ ನೋಟೇ ಆಗಬೇಕು. "ಧ್ವನಿ ಕೇಳಿಸ್ಬೇಕು. ಬೆರಳು ಯಾರದ್ದು ಬೇಕಾದ್ರೂ ಆಗಿರ್ಬಹುದು."

ಸೂಜಿ ಎಂದಿನಂತೆ "ಪ್ರೆಸೆಂಟ್ ಸಾ…ರ್?" ಎಂದು ಕೊನೆಯನ್ನು ಮೇಲೆತ್ತಿ ಎಳೆದಳು, ತಾನು ಬಂದಿದ್ದೇನೋ ಇಲ್ಲವೋ ಎಂದು ತನಗೇ ಅನುಮಾನವಿದ್ದವಳ ಹಾಗೆ. ಹಿಂದೆ ಮಕ್ಕಳ ಗಲಾಟೆ, ನೀರಿನ ಸದ್ದು. ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾಳೆ. ಆ ತೆಳು ಧ್ವನಿ ಕೊಳದ ಆ ತುದಿಗೂ ಮುಟ್ಟುತ್ತದೆ. ಅದಕ್ಕೇ ಶಾಲೆಯಲ್ಲಿ ಸೂಜಿ ಎಂದು ಹೆಸರಿಟ್ಟದ್ದು.

ಕೊನೆಗೆ ಉದ್ದಿ. ದೂರದ ಬಂದರಿನಲ್ಲಿ ಕ್ರೇನ್ ಓಡಿಸುತ್ತಾಳೆ. ಅವಳ ನೋಟ್ ತುಂಬ ಬರೀ ಗಾಳಿ. ಸೂಜಿ, ಉದ್ದಿ, ನಾನು — ಕಿಟಕಿ ಪಕ್ಕದ ಬೆಂಚು.

ಜನವರಿ 19, ಭಾನುವಾರ

ಇವತ್ತು ಉದ್ದಿಗೆ ಅಳು ತರಿಸಿದೆವು.

ಮಾನಿಟರ್ ಬಾಯಿ ಬಿಟ್ಟ. "ಉದ್ದಿ, ನೀನು ಸ್ಕೂಲ್ ಬಿಟ್ಟು ಹೋದ್ಮೇಲೂ ನಿನ್ ಹಾಜರಿ ಬೀಳ್ತಾನೇ ಇತ್ತು, ಗೊತ್ತಾ?" ಅವಳಿಗೆ ಗೊತ್ತಿರಲಿಲ್ಲ. ಹತ್ತನೇ ಕ್ಲಾಸಿನ ನಡುವಿನಲ್ಲಿ ಅವಳಪ್ಪನಿಗೆ ವರ್ಗವಾಯಿತು. ಶುಕ್ರವಾರ ಇದ್ದಳು, ಸೋಮವಾರ ಇಲ್ಲ. ಹೇಳಿ ಹೋಗಲೂ ಇಲ್ಲ. ಹೆಸರು ಹೊಡೆದುಹಾಕಿಬಿಟ್ಟರೆ ಅವಳು ಮತ್ತೆ ಬರುವುದೇ ಇಲ್ಲ ಎಂದು ಸೂಜಿಗೆ ಅದೆಲ್ಲಿಂದಲೋ ತಲೆಗೆ ಹೊಕ್ಕಿತು. "ನೀನು ಅವಳ ಥರ ಕೂಗೇ," ಎಂದು ಗಂಟುಬಿದ್ದಳು. ನನಗೆ ಆಗಲೇ ಯಾರ ಧ್ವನಿಯಾದರೂ ಬರುತ್ತಿತ್ತು. ಹಾಜರಿ ಮೇಷ್ಟ್ರು ಪುಸ್ತಕದಿಂದ ತಲೆ ಎತ್ತಿದವರೇ ಅಲ್ಲ. ಉದ್ದಿಯ ನಂಬರ್ ಬಂದಾಗ ಅವಳ ದಪ್ಪ ಧ್ವನಿಯಲ್ಲಿ ಪ್ರೆಸೆಂಟ್ ಎಂದೆ. ಇಡೀ ಕ್ಲಾಸು ಉಸಿರು ಬಿಗಿಹಿಡಿದು ಕೂತಿತ್ತು. ಪರೀಕ್ಷೆಯ ಫಾರ್ಮ್ ಬರುವ ತನಕ ಹಾಗೇ ನಡೆಯಿತು.

ಉದ್ದಿ ಇನ್ನೂ ಕ್ರೇನ್ ಹತ್ತಿರಲಿಲ್ಲ, ಒಳಗೆ ಕೂತು ಮಾತಾಡಿದಳು. ಗಾಳಿ ಇರಲಿಲ್ಲ, ಮೂಗು ಎಳೆಯುವ ಸದ್ದು ಮಾತ್ರ. "ನಾನು ಹೋದ್ಮೇಲೆ ನೀವೆಲ್ಲ ಮರ್ತೇಬಿಟ್ರಿ ಅಂದ್ಕೊಂಡಿದ್ದೆ ಕಣ್ರೇ. ಅಷ್ಟೂ ದಿನ ನಾನು ಅಲ್ಲೇ ಇದ್ನಾ?"

ಸೂಜಿ: "ಇದ್ದೆ ಉದ್ದಕ್ಕಾ. ಹೋಮ್‌ವರ್ಕ್ ಮಾತ್ರ ಒಂದು ದಿನಾನೂ ಮಾಡ್ಲಿಲ್ಲ."

ನಕ್ಕೂ ನಕ್ಕೂ ಸಾಕಾಯಿತು. ಅತ್ತೆ ಇಣುಕಿ, "ಒಬ್ಳೇ ಕೂತು ನಗ್ತಾಳೆ," ಎಂದು ಗೋಡೆಗೆ ಹೇಳಿ ಹೋದರು. ಇವರು ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ, ಅವರು ನನಗಿಂತ ಹೆಚ್ಚು ಗೋಡೆಯ ಜೊತೆಯೇ ಮಾತಾಡುತ್ತಾರೆ.

ಫೆಬ್ರವರಿ 12

ಸೂಜಿಯ ಧ್ವನಿ ಒಡೆದಿದೆ. ಕ್ಲೋರಿನ್ ಎನ್ನುತ್ತಾಳೆ. ಹೊಸ ವರ್ಷದ ಮುಂಚಿನಿಂದಲೂ ಹೀಗೇ ಹೋಗಿ ಬಂದು ಮಾಡುತ್ತಿತ್ತಂತೆ. ನಾನೊಬ್ಬಳು ಪೆದ್ದಿ — ಊರವರ ಧ್ವನಿಯೆಲ್ಲ ಅಳೆಯುವವಳಿಗೆ ಇದು ಕೇಳಿಸಲಿಲ್ಲ.

"ಡಾಕ್ಟರ್ ಹತ್ರ ಹೋಗೇ."

"ಹೋಗ್ತೀನಿ ಮಾರಾಯ್ತಿ. ನೀನು ಮೈಕ್ ಆಫ್ ಮಾಡು."

ಫೆಬ್ರವರಿ 27

ಗಡ್ಡೆ. ಒಳ್ಳೆಯದಲ್ಲ.

ಬರೆಯಲು ಆಗುತ್ತಿಲ್ಲ.

ಮಾರ್ಚ್ 11

ಇಡೀ ಧ್ವನಿಪೆಟ್ಟಿಗೆ ತೆಗೆಯಬೇಕಂತೆ. ಕತ್ತಿನಲ್ಲಿ ಒಂದು ತೂತು ಉಳಿಯುತ್ತದೆ, ಉಸಿರಾಟ ಅಲ್ಲಿಂದಲೇ. ಮಾತು ಇಲ್ಲ. ಇನ್ನೆಂದೂ ನೀರಿಗೆ ಇಳಿಯುವಂತೆಯೂ ಇಲ್ಲ. ತೂತಿಗೆ ನೀರು ಹೋದರೆ ಮುಗಿಯಿತು. ಈಜು ಕಲಿಸುವವಳಿಗೆ ಇದನ್ನು ಡಾಕ್ಟರು ಎಷ್ಟು ಸಲೀಸಾಗಿ ಹೇಳಿದರು! ಫ್ಯಾನಿನ ಸ್ವಿಚ್ ಎಲ್ಲಿದೆ ಎಂದು ತೋರಿಸಿದ ಹಾಗೆ. ಕೆನ್ನೆಗೆ ಬಾರಿಸಬೇಕು ಅನ್ನಿಸಿತು.

ಅವಳ ಗಂಡ ಲಿಫ್ಟ್ ಮೆಕ್ಯಾನಿಕ್. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಕಾರಿಡಾರಿನಲ್ಲಿ ಲಿಫ್ಟಿನ ಬಾಗಿಲನ್ನೇ ನೋಡುತ್ತ ನಿಂತಿದ್ದರು. "ಈ ಲಿಫ್ಟ್ ನೆಲಕ್ಕೆ ಸರಿಯಾಗಿ ಲೆವೆಲ್ ಆಗ್ತಿಲ್ಲ," ಅಂದರು. ಅಷ್ಟೇ ಅಂದದ್ದು.

ಸೂಜಿ ನನ್ನನ್ನು ಹಾಸಿಗೆಯ ಮೇಲೆ ಹತ್ತಿರ ಕೂರಿಸಿಕೊಂಡಳು. ಗೊರಗೊರ ಧ್ವನಿ.

"ಗ್ರೂಪಲ್ಲಿ ಯಾರಿಗೂ ಹೇಳ್ಬೇಡ."

"ಯಾಕೇ? ಅವ್ರೇನು ಪರಕೀಯರಾ?"

"ಮನೆಯವ್ರಿಗೆ ನಾನು ರೋಗಿ. ಕೊಳದವ್ರಿಗೆ ನಾನು ರಜಾ. ಅಲ್ಲೊಂದು ಕಡೆ ನಾನಿನ್ನೂ ಸೂಜಿ. ಅದನ್ನೂ ಕಿತ್ಕೋಬೇಡ."

"ಭಾನುವಾರ ಏನ್ಮಾಡ್ತೀಯ? ಧ್ವನೀನೇ ಬೇಕಲ್ಲ ಅವ್ನಿಗೆ."

ನನ್ನನ್ನೇ ನೋಡಿದಳು. ಆ ಕ್ಷಣ ಗೊತ್ತಾಯಿತು.

"ಉದ್ದಿಗೆ ಮಾಡಿದ್ದೆಯಲ್ಲ," ಅಂದಳು.

ಮಾತು ಕೊಟ್ಟೆ. ಹೇಗೆ ಇಲ್ಲವೆನ್ನಲಿ?

ಏಪ್ರಿಲ್ 3

ಆಪರೇಷನ್ ಆಯಿತು. ಮನೆಗೆ ಬಂದಿದ್ದಾಳೆ. ಮಕ್ಕಳ ಮಾಯಾ ಸ್ಲೇಟ್ ಒಂದನ್ನು ಗಂಡ ತಂದುಕೊಟ್ಟಿದ್ದಾರೆ — ಕಡ್ಡಿಯಿಂದ ಬರೆಯುವುದು, ಹಾಳೆ ಎತ್ತಿದರೆ ಅಳಿಸಿಹೋಗುವುದು. ನಾನು ಬಾಗಿಲಲ್ಲಿ ನಿಂತ ಕೂಡಲೇ ಬರೆದು ಎತ್ತಿ ತೋರಿಸಿದಳು: 'ಅಳೋದಿದ್ರೆ ಹೊರಗೆ ಅತ್ತು ಬಾ.'

ಹೊರಗೆ ಹೋಗಿ ಅತ್ತು ಬಂದೆ.

ಏಪ್ರಿಲ್ 5

ಅಡುಗೆಮನೆಯಲ್ಲಿ ಪ್ರಾಕ್ಟೀಸ್. ಉದ್ದಿಯದು ಸುಲಭವಿತ್ತು, ಎದೆಯಿಂದ ತೆಗೆದರೆ ಆಯಿತು. ಸೂಜಿಯದು ಹಲ್ಲಿನ ಹಿಂದೆ ಹುಟ್ಟುತ್ತದೆ. ಮಾತಿನ ಕೊನೆಯಲ್ಲಿ ಉಸಿರು ಸ್ವಲ್ಪ ಉಳಿಸಿಕೊಳ್ಳಬೇಕು, ನಗುವುದಕ್ಕೆ. ನಾಲ್ಕೈದು ಸಲ ತಪ್ಪಿತು. ಆಮೇಲೆ ಬಂತು. ಅಚ್ಚೊತ್ತಿದ ಹಾಗೇ ಬಂತು. ನನಗೇ ಮೈ ಜುಮ್ಮೆಂದಿತು.

ಅತ್ತೆ ಒಳಕೋಣೆಯಿಂದ: "ಸೂಜಿ ಬಂದ್ಲಾ? ವಾಸಿಯಾಯ್ತಾ ಅವ್ಳಿಗೆ? ಕೂರ್ಸೇ, ಬಂದೆ."

ನಲ್ಲಿ ತಿರುಗಿಸಿ ನಿಂತೆ. ನೀರು ಸುಮ್ಮನೆ ಹರಿಯಿತು.

ಏಪ್ರಿಲ್ 6, ಭಾನುವಾರ

ಅವಳ ಮನೆಯಲ್ಲೇ, ಅವಳ ಫೋನಿನಲ್ಲೇ. ಮಾತೆಲ್ಲ ಅವಳದ್ದೇ ಆಗಬೇಕು, ನಾನು ಸ್ವಂತದ್ದು ಒಂದಕ್ಷರ ಸೇರಿಸಬಾರದು — ಇದು ಅವಳ ಷರತ್ತು. ಮಡಿಲಲ್ಲಿ ಸ್ಲೇಟ್ ಇಟ್ಟುಕೊಂಡು ಬರೆಯುತ್ತಾಳೆ. ಬಗ್ಗಿ ಓದುತ್ತೇನೆ. ಬಟನ್ ಒತ್ತಿ ಹೇಳುತ್ತೇನೆ. ಹಾಳೆ ಎತ್ತುತ್ತಾಳೆ, ಅಳಿಸುತ್ತದೆ.

'ಪ್ರೆಸೆಂಟ್ ಸಾರ್. ಮಾನಿಟರ್, ನಿನ್ ಫೋಟೋ ನೋಡ್ದೆ. ಅಷ್ಟು ಹೊಳೀತಿದೆ, ಕೊಳದ ಲೈಟ್ ಬದ್ಲು ನಿನ್ನೇ ಹಾಕ್ಬಹುದು.'

ಹೇಳಿದೆ. ಅರ್ಧ ನಿಮಿಷದಲ್ಲಿ ಗ್ರೂಪ್ ಉರುಳಾಡಿ ನಕ್ಕಿತು. ಉದ್ದಿ: "ಮೂರು ವಾರದಿಂದ ಎಲ್ಲೇ ಹಾಳಾಗಿ ಹೋಗಿದ್ದೆ? ನಿನ್ ಧ್ವನಿ ಕೇಳ್ದೆ ಇದ್ರೆ ಭಾನುವಾರ ಆದ ಹಾಗೇ ಇರಲ್ಲ."

ಸೂಜಿ ನಕ್ಕಳು. ಸದ್ದಿಲ್ಲದ ನಗು. ಭುಜ ಮಾತ್ರ ಕುಣಿಯಿತು, ತೂತಿನಲ್ಲಿ ಉಸಿರು ಸುಯ್ ಎಂದಿತು. ಕೈ ಚಾಚಿ ನನ್ನ ಗಂಟಲನ್ನು ಮುಟ್ಟಿ ನೋಡಿದಳು.

ಸುಳ್ಳು ಹೇಳಬಾರದು ಇಲ್ಲಿಯಾದರೂ. ನನಗೆ ಹೆಮ್ಮೆಯಾಯಿತು.

ಏಪ್ರಿಲ್ 20

ಮೂರನೇ ವಾರ. ಈಗ ಹಳೇ ಕಥೆಗಳೆಲ್ಲ ಅವಳದ್ದೇ ಬಾಯಲ್ಲಿ — ನನ್ನ ಬಾಯಲ್ಲಿ. ಡ್ರಾಯಿಂಗ್ ಟೀಚರ್ ನಿದ್ದೆ ಹೋಗಿದ್ದು, ಮಾನಿಟರ್ ಗೇಟ್ ಹಾರುವಾಗ ಪ್ಯಾಂಟ್ ಹರಿದು ಇಡೀ ದಿನ ಗೋಡೆಗೆ ಒರಗಿ ನಿಂತಿದ್ದು. ಬರೆಯುತ್ತಲೇ ಇರುತ್ತಾಳೆ, ಕಡ್ಡಿ ಮೊಂಡಾಗಿದೆ. ವಾರವಿಡೀ ಮಾತು ಕೂಡಿಟ್ಟುಕೊಂಡಿರುತ್ತಾಳೆ. ಉದ್ದಿಗಂತೂ ಪ್ರತ್ಯೇಕ ನೋಟ್. ಶುರುವಾಗುವುದು ಯಾವಾಗಲೂ ಒಂದೇ ಥರ: 'ಉದ್ದಕ್ಕಾ'. ಆಮೇಲೆ ಸ್ವಲ್ಪ ಸುಮ್ಮನಿರಬೇಕು ಎಂದು ಬೆರಳು ಎತ್ತಿ ತೋರಿಸುತ್ತಾಳೆ. ಅತ್ತ ಉದ್ದಿ 'ಏನೇ' ಅನ್ನುವುದಕ್ಕೆ ಜಾಗ ಬಿಡಬೇಕಂತೆ. ನೋಟ್‌ನಲ್ಲಿ ಅವಳಿಗೆ ಹೇಗೆ ಅನ್ನಲಿಕ್ಕಾಗುತ್ತದೆ ಎಂದರೆ, ಬರೆದಳು: 'ಅಂತಾಳೆ. ನಂಗೊತ್ತು.'

ಮಾನಿಟರ್ ಎಲ್ಲರೂ ಸೇರುವ ದಿನ ಗೊತ್ತು ಮಾಡಿದ್ದಾನೆ. ಜುಲೈ 27, ಹಳೇ ಶಾಲೆಯಲ್ಲೇ.

ಸೂಜಿ: 'ಅಷ್ಟರಲ್ಲಿ ಗಾಯ ಒಣಗುತ್ತೆ. ಸ್ಕಾರ್ಫ್ ಸುತ್ಕೊಂಡು ಬರ್ತೀನಿ. ಆಗ ನಾನೇ ಹೇಳ್ತೀನಿ ಎಲ್ರಿಗೂ.'

ಮೇ 4, ಭಾನುವಾರ

ಇವತ್ತಿನದನ್ನು ಸರಿಯಾಗಿ ಬರೆದಿಡಬೇಕು.

ಹಾಜರಿ ಮುಗಿದ ಮೇಲೆ ಉದ್ದಿಯ ನೋಟ್ ಬಂತು, ಸೂಜಿಗೆ ಮಾತ್ರ. "ಸೂಜಿ, ರಜಾ ಬರ್ಸೋಕೆ ನಾಳೆ ಕೊನೇ ದಿನ. ಈ ವರ್ಷ ಒಂದೇ ಸಲ ಬಿಡ್ತಾರೆ. ಯಾಕೋ ಮನ್ಸು ತಡೀತಿಲ್ಲ, ಈಗ್ಲೇ ಬಂದ್ಬಿಡ್ಲಾ? ಇಲ್ಲಾ ಜುಲೈಗೇ ಬರ್ಲಾ? ನೀನು ಹೇಳ್ದಂಗೆ."

ಸೂಜಿ ಕಡ್ಡಿ ಎತ್ತಿಕೊಂಡಳು. ಮೊದಲು 'ಬಾ' ಎಂದು ಬರೆದಳು. ನಾನು ಕಣ್ಣಾರೆ ಕಂಡೆ. ಆಮೇಲೆ ಹಾಳೆ ಎತ್ತಿದಳು. ಅಳಿಸಿತು. ಮತ್ತೆ ಬರೆದಳು: 'ಜುಲೈಗೆ ಬಾರೇ. ಈಗ ಬಂದ್ರೆ ನಿಂಗೆ ಈಜು ಕಲ್ಸೋಕೆ ನಂಗೆ ಪುರುಸೊತ್ತಿಲ್ಲ.'

"ಮೊದ್ಲು ಬರ್ದಿದ್ದೇ ಸರಿ ಕಣೇ," ಅಂದೆ. "ಅದನ್ನೇ ಹೇಳ್ತೀನಿ."

ತಲೆ ಅಡ್ಡ ಆಡಿಸಿದಳು. ಕತ್ತಿನ ತೂತು ತೋರಿಸಿದಳು. ಹೊಲಿಗೆ ಇನ್ನೂ ಕೆಂಪಗಿತ್ತು. 'ಇದನ್ನ ನೋಡಿ ಅವಳು ಹೆದರ್ಕೊಂಡ್ರೆ ನಂಗೆ ತಡ್ಕೊಳಕ್ಕಾಗಲ್ಲ.'

"ಅವ್ಳು ಹೆದರ್ತಾಳಾ? ಅಷ್ಟೆತ್ತರದಲ್ಲಿ ಕೂತು ಕಬ್ಬಿಣ ಎತ್ತೋಳು?"

ಸ್ಲೇಟನ್ನು ಬೆರಳಿನಿಂದ ಕುಟ್ಟಿದಳು. ಕೋಪ ಬಂದಿತ್ತು. ಶಾಲೆಯಲ್ಲೂ ಹೀಗೇ, ಮೂಗಿನ ತುದಿಯಲ್ಲೇ ಕೋಪ.

ಬಟನ್ ಒತ್ತಿದೆ. ಹೇಳಿದೆ. ಈಜಿನ ಮಾತಿಗೆ ಆ ನಗುವನ್ನೂ ಸೇರಿಸಿದೆ. ಬಹಳ ಚೆನ್ನಾಗಿ ಬಂತು.

ಉದ್ದಿ: "ಅಬ್ಬಾ, ನಿನ್ ನಗು ಕೇಳಿ ಜೀವ ಬಂತು. ಸುಮ್ನೆ ಏನೇನೋ ಅಂದ್ಕೊಂಡಿದ್ದೆ. ಜುಲೈಗೇ ಬರೀತೀನಿ ಹಾಗಾದ್ರೆ."

ಮೇ 5

ಬೆಳಿಗ್ಗೆಯಿಂದ ಉದ್ದಿಯ ನಂಬರ್ ತೆರೆದು ಮುಚ್ಚಿ, ತೆರೆದು ಮುಚ್ಚಿ. ಶಿಫ್ಟ್ ಮುಗಿಯುವ ತನಕ ಸಮಯವಿತ್ತು. ಒಂದು ಮಾತು ಸಾಕಿತ್ತು. ಆದರೆ ಮಾತು ಕೊಟ್ಟಾಗಿದೆ. ಅವಳಿಗೆ ಉಳಿದಿರುವುದು ಅದೊಂದೇ ಜಾಗ ಎಂದಿದ್ದಾಳೆ. ಕಾಯಿಲೆ ಅವಳದ್ದು, ಹೇಳುವ ಹಕ್ಕೂ ಅವಳದ್ದೇ. ಜುಲೈ ಏನು ಮಹಾ ದೂರ?

ಫೋನ್ ಮಾಡಲಿಲ್ಲ.

ಜೂನ್ 11

ಕೆಮ್ಮು. ಸ್ಕ್ಯಾನ್‌ನಲ್ಲಿ ಶ್ವಾಸಕೋಶದಲ್ಲೂ ಕಂಡಿದೆ. ಮತ್ತೆ ಅದೇ ಆಸ್ಪತ್ರೆ. ಲಿಫ್ಟ್ ಈಗ ಲೆವೆಲ್ ಆಗುತ್ತದೆ. ಯಾರಿಗೂ ಹೇಳದೆ ಅವಳ ಗಂಡನೇ ಸರಿ ಮಾಡಿದರಂತೆ.

ಜೂನ್ 29, ಭಾನುವಾರ

ಇವತ್ತು ಸ್ಲೇಟ್ ಮೇಲೆ ಎರಡೇ ಪದ. 'ಪ್ರೆಸೆಂಟ್ ಸಾರ್.' ಅಕ್ಷರ ಇಳಿಜಾರು ಹಿಡಿದಿತ್ತು. ಅದನ್ನೇ ಹೇಳಿದೆ. ಮಾನಿಟರ್ ತಮಾಷೆ ಮಾಡಿದ: "ಏನು ಸೂಜಿ, ಇವತ್ತು ಮಾತಿಗೆ ರೇಷನ್ನಾ?"

ಆಮೇಲೆ ನನ್ನ ಕಡೆ ನೋಡಿ ಕೈಬೆರಳು ಮಡಿಸತೊಡಗಿದಳು. ಉದ್ದಿ ಬರುವ ದಿನದ ಲೆಕ್ಕ. ಮಧ್ಯದಲ್ಲೇ ತಪ್ಪಿತು. ಮತ್ತೆ ಮೊದಲಿನಿಂದ ಮಡಿಸಿದಳು.

ಹೊರಗೆ ಬಂದವಳೇ ಉದ್ದಿಗೆ ಫೋನ್ ಮಾಡಿದೆ. ಕೊಟ್ಟ ಮಾತು ಗೀತು ಎಲ್ಲ ಆಚೆಗಿಟ್ಟು ಮಾಡಿದೆ. ಎತ್ತಲಿಲ್ಲ. ಕ್ರೇನ್ ಮೇಲಿದ್ದಾಗ ಫೋನ್ ಕೆಳಗೆ ಲಾಕರ್‌ನಲ್ಲಿ. ಸಂಜೆ ಅವಳೇ ಮಾಡಿದಳು. ಅಷ್ಟರಲ್ಲಿ ಸೂಜಿಗೆ ಸ್ವಲ್ಪ ಹಗುರವಾಗಿತ್ತು, ದಿಂಬಿಗೊರಗಿ ಕೂತಿದ್ದಳು. ನನ್ನ ಧೈರ್ಯ ಇಳಿದುಹೋಯಿತು.

"ಏನೇ, ಫೋನ್ ಮಾಡಿದ್ಯಾ?"

"ಸುಮ್ನೆ. ಟಿಕೆಟ್ ಆಯ್ತಾ ಅಂತ ಕೇಳೋಕೆ."

ಹೇಡಿ ನಾನು.

ಜುಲೈ 8

ಬೆಳಿಗ್ಗೆ ಸೂಜಿ ಹೋದಳು. ನಾನು ಶಿಫ್ಟಿನಲ್ಲಿದ್ದೆ, ಕಳೆದುಹೋದ ಒಂದು ಚೀಲದ ಬಗ್ಗೆ ಹೇಳುತ್ತಿದ್ದೆ. ಅವಳ ಗಂಡನ ಫೋನ್. ಚೀಲದ ಬಣ್ಣ ಹೇಳಬೇಕಿತ್ತು. ಹೇಳಿ ಮುಗಿಸಿದೆ. ಆಮೇಲೆ ಎದ್ದೆ.

ಜುಲೈ 8, ಸಂಜೆ

ಉದ್ದಿಗೆ ಮೊದಲು ಹೇಳಿದೆ. ಬೇರೆ ಯಾರೂ ಹೇಳಬಾರದಿತ್ತು.

"ಯಾರು? ಯಾವ್ ಸೂಜಿ?" ಅಂದಳು. "ಮೊನ್ನೆ ಭಾನುವಾರ ಮಾತಾಡಿದ್ಲಲ್ಲೇ."

"ಅದು ನಾನು."

"ನೀನು ಅಂದ್ರೆ?"

"ಏಪ್ರಿಲ್‌ನಿಂದ ನಾನೇ. ಅವ್ಳಿಗೆ ಧ್ವನಿ ಇರ್ಲಿಲ್ಲ. ಅವ್ಳು ಬರ್ದು ಕೊಡ್ತಿದ್ಲು."

ಗಾಳಿಯ ಸದ್ದು. ಎಲ್ಲೋ ಕಬ್ಬಿಣ ಕಬ್ಬಿಣಕ್ಕೆ ತಾಗಿತು.

"ಮೇ ತಿಂಗ್ಳಲ್ಲಿ ಕೇಳಿದ್ನಲ್ಲ," ಅಂದಳು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ಬರ್ಲಾ ಅಂತ ಕೇಳಿದ್ನಲ್ಲ. ಆ ನಗು?"

"ಅದೂ ನಾನೇ."

ಇಟ್ಟುಬಿಟ್ಟಳು.

ಜುಲೈ 13, ಭಾನುವಾರ

ಮಾನಿಟರ್ ಹಾಜರಿ ಕೂಗಲಿಲ್ಲ. ಎಂಟು ಗಂಟೆಗೆ ಎಲ್ಲರೂ ಗ್ರೂಪ್ ತೆರೆದಿಟ್ಟುಕೊಂಡಿದ್ದರು, ಹೆಸರಿನ ಕೆಳಗೆ ಆನ್‌ಲೈನ್, ಆನ್‌ಲೈನ್. ಆಮೇಲೆ ಒಬ್ಬೊಬ್ಬರಾಗಿ ಹೋದರು.

ಸೇರುವ ಕಾರ್ಯಕ್ರಮ ರದ್ದು.

ಜುಲೈ 26

ಉದ್ದಿ ಬಂದಿದ್ದಾಳೆ. ರಜಾ ಬದಲಾಯಿಸಲಿಕ್ಕೆ ಬರುವುದಿಲ್ಲವಲ್ಲ. ಸೂಜಿಯ ಮನೆಗೆ ಹೋಗಿದ್ದಳಂತೆ. ನನ್ನ ಮನೆಗೆ ಬರಲಿಲ್ಲ. ಸರಿಯೇ. ನಾನಾಗಿದ್ದರೂ ಬರುತ್ತಿರಲಿಲ್ಲ.

ಅತ್ತೆ ಇವತ್ತು ಗೋಡೆಗಲ್ಲ, ನನಗೇ ಹೇಳಿದರು: "ಎರಡು ತುತ್ತಾದ್ರೂ ತಿನ್ನು." ತಟ್ಟೆ ಹಿಡಿದು ನಿಂತೇ ಇದ್ದರು.

ಜುಲೈ 28

ಬಂದಳು. ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ. ಇನ್ನೂ ಅಷ್ಟೇ ಎತ್ತರ, ಕೂದಲು ಪೂರ್ತಿ ಬೆಳ್ಳಗೆ. ಇಷ್ಟು ವರ್ಷದ ಮೇಲೆ ಮೊದಲ ಸಲ ಮುಖ ನೋಡಿದ್ದು, ಅದೂ ಹೀಗೆ. ಕೂರು ಎಂದರೂ ಕೂರಲಿಲ್ಲ. ಫೋನ್ ಚಾಚಿದಳು.

"ಎಲ್ಲಾ ನೋಟ್‌ಗಳೂ ಇವೆ. ಮತ್ತೆ ಮತ್ತೆ ಕೇಳ್ದೆ. ಅವ್ಳದ್ದು ಎಲ್ಲಿಗೆ ಮುಗೀತು, ನಿಂದು ಎಲ್ಲಿಂದ ಶುರು? ನಂಗೆ ಗೊತ್ತಾಗ್ತಿಲ್ಲ ಕಣೇ. ತೋರ್ಸು."

ತೋರಿಸಿದೆ. ಇಲ್ಲಿಗೆ ಅವಳು. ಇಲ್ಲಿಂದ ನಾನು. ಅವಳ ಕೊನೆಯ ನೋಟ್ ಮಾರ್ಚಿನದು, ಬರೀ ಕೆಮ್ಮು, ಆಮೇಲೆ "ಆಮೇಲ್ ಮಾಡ್ತೀನಿ". ಇಷ್ಟು ದಿನ ಅದನ್ನು ಉದ್ದಿ ಒಂದೇ ಸಲ ಕೇಳಿ ಬಿಟ್ಟಿದ್ದಳಂತೆ, ಅದರಲ್ಲೇನೂ ಇಲ್ಲವೆಂದು.

"ಮಾತೆಲ್ಲ ಅವ್ಳದ್ದೇ," ಅಂದೆ. "ಒಂದಕ್ಷರಾನೂ ನಾನು ಸೇರ್ಸಿಲ್ಲ. ಮೇ ತಿಂಗ್ಳಲ್ಲಿ ಮೊದ್ಲು 'ಬಾ' ಅಂತ ಬರ್ದಿದ್ಲು. ಆಮೇಲೆ ಅಳಿಸಿದ್ಲು."

ಉದ್ದಿ ಆಗ ಕೂತಳು. ನೆಲದ ಮೇಲೇ ಕೂತಳು, ಗೋಡೆಗೊರಗಿ. "ನೀನು ಅಷ್ಟು ಚೆನ್ನಾಗಿ ಮಾಡ್ಬಾರ್ದಿತ್ತು," ಅಂದಳು. "ಒಂದು ಕಡೆ ತಪ್ಪಿದ್ರೂ ನಂಗೆ ಗೊತ್ತಾಗ್ತಿತ್ತು. ಬಂದ್ಬಿಡ್ತಿದ್ದೆ."

ಅದೇ ನಿಜ. ಅತ್ತೆ ಚಹಾ ತಂದಿಟ್ಟು, ಯಾರನ್ನೂ ಏನೂ ಕೇಳದೆ ಒಳಗೆ ಹೋದರು. ಆರಿಹೋಯಿತು.

ಜುಲೈ 30, ಮಧ್ಯಾಹ್ನ

ಉದ್ದಿ ಹೊರಟಳು. ನನ್ನ ಶಿಫ್ಟೇ ಇತ್ತು. ಬಸ್ಸು ಹೊತ್ತಿಗೆ ಸರಿಯಾಗಿ ನಿಂತಿತ್ತು, ನನಗೆ ಕೆಲಸವಿರಲಿಲ್ಲ. ಚೀಲ ಬಸ್ಸಿನಲ್ಲಿಟ್ಟು ಬಂದು, ನನ್ನ ಗಾಜಿನ ಕೋಣೆಯ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಪರವಾನಗಿ ಇಲ್ಲದವರು ಬರಬಾರದು ಎಂದು ಬಾಗಿಲ ಮೇಲೇ ಬರೆದಿದೆ.

ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ಮೊಣಕಾಲು ಮೇಜಿಗೆ ತಾಗಿತು.

"ಕೋಪ ಹೋಗಿಲ್ಲ," ಅಂದಳು.

"ಹೋಗೋದು ಬೇಡ."

"ಒಂದು ಕೇಳ್ತೀನಿ. ಮಾಡ್ತೀಯಾ?"

ನನಗೆ ಗೊತ್ತಾಯಿತು ಏನೆಂದು.

"ಒಂದೇ ಸಲ ಕರಿಯೇ ನನ್ನ. ಅವ್ಳ ಥರ. ಆಮೇಲೆ ಜನ್ಮದಲ್ಲಿ ಕೇಳಲ್ಲ."

ಇಲ್ಲ ಅನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವಳು ಕಣ್ಣು ಮುಚ್ಚಿಕೊಂಡುಬಿಟ್ಟಿದ್ದಳು. ಮೈಕ್ ಆಫ್ ಆಗಿದೆಯೇ ನೋಡಿದೆ. ಹೊರಗೆ ಯಂತ್ರದವಳು ಉದ್ದಿಯ ಬಸ್ಸನ್ನು ಕೂಗುತ್ತಿದ್ದಳು — ಅಂಕಿ, ಊರು, ಹೊರಡಲಿದೆ. ಅವಳು ಮುಗಿಸಲಿ ಎಂದು ಕಾದೆ. ನಾಲಿಗೆಯನ್ನು ಹಲ್ಲಿನ ಹಿಂದಕ್ಕೆ ತಂದೆ. ಕೊನೆಗೆ ಸ್ವಲ್ಪ ಉಸಿರು ಉಳಿಸಿಕೊಂಡೆ.

"ಉದ್ದಕ್ಕಾ."

ಬಂತು. ಹಾಗೇ ಬಂತು.

ಉದ್ದಿಯ ಮುಖ ಎಲ್ಲ ಸಡಿಲವಾಯಿತು. ಕಣ್ಣು ತೆರೆಯಲಿಲ್ಲ. ಶಾಲೆಯ ಬೆಂಚಿನ ಮೇಲೆ ಅನ್ನುತ್ತಿದ್ದ ಹಾಗೇ, ಸ್ವಲ್ಪ ಬೇಜಾರಿನಿಂದ, ಪೂರ್ತಿ ಪ್ರೀತಿಯಿಂದ ಅಂದಳು:

"ಏನೇ?"

ಕಾಯುತ್ತಿದ್ದಳು. ನಾನು ಅಭ್ಯಾಸಬಲದಿಂದ ಬಗ್ಗಿ, ಪಕ್ಕದ ಕುರ್ಚಿಯ ಕಡೆಗೆ, ಸ್ಲೇಟಿಗಾಗಿ ನೋಡಿದೆ. ಕುರ್ಚಿ ಖಾಲಿಯಿತ್ತು.